ಜೂನ್ ಒಂದಕ್ಕೆ ಹುಟ್ಟಿದವರು ಮತ್ತು ಡೀಫಾಲ್ಟ್ ಎಂಬ ಹೊಸ ಮೇಷ್ಟ್ರು

ನಿಮ್ಮ ಊರಿನಲ್ಲಿ ಐವತ್ತು ದಾಟಿದ ಒಂದಿಪ್ಪತ್ತು ಜನರ ಹುಟ್ಟಿದ ದಿನಾಂಕ ಕೇಳಿ ನೋಡಿ. ಅದರಲ್ಲಿ ಜೂನ್ 1 ಎಂದು ಹೇಳುವವರು ಸಿಗದೇ ಇದ್ದರೆ ಆಶ್ಚರ್ಯ. ಇಡೀ ಊರಿನ ತಾಯಂದಿರು ಒಂದೇ ದಿನ ಹೆತ್ತಿರಲು ಸಾಧ್ಯವಿಲ್ಲ. ಆ ದಿನ ಹೆರಿಗೆಯಾದದ್ದು ಶಾಲೆಯ ದಾಖಲಾತಿ ಪುಸ್ತಕದಲ್ಲಿ.

ಅದು ಹೇಗೆ ಆಗುತ್ತಿತ್ತು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಜೂನ್ ತಿಂಗಳಲ್ಲಿ ಶಾಲೆ ಶುರು. ಅಪ್ಪ ಮಗನ ಕೈ ಹಿಡಿದು ತರುತ್ತಾನೆ. ಹುಟ್ಟಿದ್ದು ಯಾವಾಗ ಅಂದರೆ "ಕೆರೆ ಕೋಡಿ ಬಿದ್ದ ವರ್ಷ" ಅನ್ನುತ್ತಾನೆ. ಹುಡುಗ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿದರೆ ವಯಸ್ಸಾಗಿದೆ ಎಂದು ಲೆಕ್ಕ. ಆದರೆ ಪುಸ್ತಕದ ಕಾಲಂ ಕೋಡಿ, ಕಿವಿ ಎರಡನ್ನೂ ಒಪ್ಪುವುದಿಲ್ಲ. ಅದಕ್ಕೆ ದಿನ, ತಿಂಗಳು, ವರ್ಷ ಬೇಕು. ಮೇಷ್ಟ್ರು ಒಂದನೇ ತರಗತಿಗೆ ಬೇಕಾದಷ್ಟು ವರ್ಷ ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆದು ಮುಂದಿನ ಮಗುವನ್ನು ಕರೆಯುತ್ತಿದ್ದರು. ಬೇರೆ ತಾರೀಕು ಬರೆದವರೂ ಇದ್ದರು. ಸಿದ್ದರಾಮಯ್ಯನವರು ತಮ್ಮ ಹುಟ್ಟಿದ ದಿನ ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಬರೆದದ್ದು ಎಂದು ಹಲವು ಬಾರಿ ಹೇಳಿಕೊಂಡಿದ್ದಾರೆ. ಆ ಆಗಸ್ಟ್ 3ರ ಲೆಕ್ಕದಲ್ಲೇ 2022ರಲ್ಲಿ ದಾವಣಗೆರೆಯಲ್ಲಿ ಅವರ 75ನೇ ಹುಟ್ಟುಹಬ್ಬ ನಡೆಯಿತು.

ಇದು ತಮಾಷೆಯ ವಿಷಯ ಅಂದುಕೊಂಡರೆ ಅದರ ಮುಂದಿನ ಪ್ರಯಾಣ ನೋಡಿ. ಶಾಲಾ ಪುಸ್ತಕದಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಸೇವಾ ಪುಸ್ತಕಕ್ಕೆ, ಅಲ್ಲಿಂದ ಪಿಂಚಣಿಗೆ ಆ ತಾರೀಕು ಹೋಗುತ್ತದೆ. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಹಾಗಾಗಿ ಜೂನ್ 1ರವರೆಲ್ಲ ಮೇ 31ಕ್ಕೆ ಮನೆಗೆ. ಪಕ್ಕದ ಕೇರಳದಲ್ಲಿ ಮೇ 31ರ ಸಾಮೂಹಿಕ ನಿವೃತ್ತಿ ಪ್ರತಿವರ್ಷದ ಸುದ್ದಿ, ಕಾಸರಗೋಡಿನ ಗೆಳೆಯರಿಗೆ ಅದು ಚೆನ್ನಾಗಿ ಗೊತ್ತು. ತಿದ್ದಿಸಿಕೊಳ್ಳೋಣ ಅಂದರೆ ರಾಜ್ಯ ಸರ್ಕಾರಿ ನೌಕರರ ವಯೋನಿರ್ಣಯಕ್ಕೆ ಸಂಬಂಧಿಸಿದ 1974ರ ಕಾಯ್ದೆ ಇದೆ. ಒಮ್ಮೆ ಒಪ್ಪಿತವಾದ ದಿನಾಂಕವನ್ನು ಮೂರು ವರ್ಷದೊಳಗೆ ಪ್ರಶ್ನಿಸದಿದ್ದರೆ ಬಾಗಿಲು ಮುಚ್ಚಿದಂತೆಯೇ. 2024ರ ಅಕ್ಟೋಬರ್‌ನಲ್ಲಿ ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಸಿನ ನಿರ್ಧಾರಕ್ಕೆ ಆಧಾರ್‌ಗಿಂತ ಶಾಲೆ ಬಿಟ್ಟ ಪ್ರಮಾಣಪತ್ರವೇ ಮೇಲು ಎಂದಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಆ ಪ್ರಮಾಣಪತ್ರದ ಬೇರಿನಲ್ಲಿ ಎಷ್ಟೋ ಕಡೆ ಮೇಷ್ಟ್ರ ಒಂದು ಕ್ಷಣದ ಅಂದಾಜು ಕೂತಿದೆ.

ಮೇಷ್ಟ್ರನ್ನು ಬೈಯುವುದು ನನ್ನ ಉದ್ದೇಶವಲ್ಲ. ಅವರು ಆ ಒಂದು ಗೀಟು ಎಳೆಯದಿದ್ದರೆ ಎಷ್ಟೋ ಮಕ್ಕಳಿಗೆ ಶಾಲೆಯ ಬಾಗಿಲೇ ತೆರೆಯುತ್ತಿರಲಿಲ್ಲ. ನನ್ನ ತಕರಾರು ಪುಸ್ತಕದ ಬಗ್ಗೆ. "ಗೊತ್ತಿಲ್ಲ" ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. "ಇದು ಅಂದಾಜು" ಎಂದು ಪಕ್ಕದಲ್ಲಿ ಗುರುತು ಹಾಕಲೂ ಜಾಗವಿರಲಿಲ್ಲ. ಇಂದು ಅಂಥ ಪುಸ್ತಕಗಳನ್ನು ಗೀಟು ಹಾಕಿ ತಯಾರಿಸುವವರು ಬೆಂಗಳೂರಿನ ಪೂರ್ವದಲ್ಲಿದ್ದಾರೆ. ವಿಮಾನಪುರ, ಮುರುಗೇಶಪಾಳ್ಯ, ಮಾರತ್ತಹಳ್ಳಿಯ ಪಿಜಿಗಳಲ್ಲಿ ಇದ್ದುಕೊಂಡು ಸಾಫ್ಟ್‌ವೇರ್ ಬರೆಯುವವರು, ಪರೀಕ್ಷಿಸುವವರು. ಪತ್ರಿಕೋದ್ಯಮ ಓದಿ ಆ ಕಡೆ ಹೋದವರು ನಮ್ಮ ಬಳಗದಲ್ಲೇ ಇದ್ದಾರೆ, ನಾನೂ ಅವರಲ್ಲೊಬ್ಬ. ನಾವು ತಯಾರಿಸುವ ಪುಸ್ತಕದಲ್ಲೂ ಒಬ್ಬ ಮೇಷ್ಟ್ರು ಇದ್ದಾರೆ. ಅವರ ಹೆಸರು ಡೀಫಾಲ್ಟ್.

ಮಾಡೆಲ್ ಅಂದರೆ ಗೀಟು ಹಾಕಿದ ಪುಸ್ತಕ

ಸಾಫ್ಟ್‌ವೇರ್ ಗೊತ್ತಿಲ್ಲದ ಗೆಳೆಯರಿಗಾಗಿ ಎರಡು ಮಾತು. ಇಂದು ವೆಬ್‌ಸೈಟ್, ಆ್ಯಪ್‌ಗಳನ್ನು ಯಾರೂ ಬುಡದಿಂದ ಕಟ್ಟುವುದಿಲ್ಲ. ಜ್ಯಾಂಗೋ, ರೇಲ್ಸ್, ಲಾರಾವೆಲ್ ಎಂಬಂಥ ಫ್ರೇಮ್‌ವರ್ಕ್‌ಗಳಿವೆ. ಮನೆ ಕಟ್ಟುವಾಗ ಸಿದ್ಧ ಬಾಗಿಲು ಚೌಕಟ್ಟು ತರುವ ಹಾಗೆ ಅವನ್ನು ತಂದು ಜೋಡಿಸುತ್ತೇವೆ. ಅದರಲ್ಲಿ ಮಾಡೆಲ್ ಎಂಬ ಭಾಗವಿದೆ. "ಫಲಾನುಭವಿ" ಎಂಬ ಮಾಡೆಲ್ ಬರೆದರೆ, ಅದಕ್ಕೆ ಹೆಸರು, ವಯಸ್ಸು, ಊರು, ಮಾತೃಭಾಷೆ ಎಂಬ ಗುಣಗಳನ್ನು ಕೊಡುತ್ತೇವೆ. ಪುಸ್ತಕದಲ್ಲಿ ಕಾಲಂ ಎಳೆದ ಹಾಗೆ. ಪ್ರತಿ ಕಾಲಮ್ಮಿನ ಪಕ್ಕದಲ್ಲಿ "ಯಾರೂ ಏನೂ ಹೇಳದಿದ್ದರೆ ಇದನ್ನು ತುಂಬಿಕೋ" ಎಂದು ಒಂದು ಬೆಲೆ ಬರೆದಿಡಬಹುದು. ಅದೇ ಡೀಫಾಲ್ಟ್. ಬರೆಯುವುದಕ್ಕೆ ಅರ್ಧ ಸಾಲು ಸಾಕು. ಆಮೇಲೆ ಅದು ಲಕ್ಷಗಟ್ಟಲೆ ಜನರ ಬಾಯಾಗಿ ಮಾತಾಡುತ್ತದೆ.

ಡೀಫಾಲ್ಟ್ ಕೂರುವ ಜಾಗ ನಾಲ್ಕು. ಮೊದಲನೆಯದು ಪರದೆಯ ಮೇಲಿನ ಫಾರಂ. ಅಲ್ಲಿ ತುಂಬಿರುವುದು ಕಣ್ಣಿಗೆ ಕಾಣುತ್ತದೆ, ತಪ್ಪಿದ್ದರೆ ಬದಲಿಸಬಹುದು. ಎರಡನೆಯದು ಮಾಡೆಲ್. ಮೂರನೆಯದು ದತ್ತಾಂಶ ಕೋಶ, ಅಂದರೆ ಡೇಟಾಬೇಸ್. ಇವೆರಡು ಜನರ ಕಣ್ಣಿಗೆ ಕಾಣುವುದಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಅಪಾಯದ್ದು: ಹಳೆಯ ಪುಸ್ತಕಕ್ಕೆ ಹೊಸ ಕಾಲಂ ಸೇರಿಸುವ ಕ್ಷಣ.

ಈ ನಾಲ್ಕನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಐವತ್ತು ಸಾವಿರ ಕುಟುಂಬಗಳ ಮಾಹಿತಿ ಈಗಾಗಲೇ ಇದೆ ಅಂದುಕೊಳ್ಳಿ. "ಮನೆಯಲ್ಲಿ ಅಂಗವಿಕಲರು ಇದ್ದಾರೆಯೇ" ಎಂಬ ಹೊಸ ಕಾಲಂ ಬೇಕು ಎಂದು ಮೇಲಿನಿಂದ ಸೂಚನೆ ಬರುತ್ತದೆ. ಜ್ಯಾಂಗೋದಲ್ಲಿ ಖಾಲಿ ಬಿಡಲು ಅವಕಾಶವಿಲ್ಲದ ಕಾಲಮ್ಮೊಂದನ್ನು ಡೀಫಾಲ್ಟ್ ಕೊಡದೆ ಸೇರಿಸಲು ಹೊರಟರೆ ಅದು ನಿಂತು ಕೇಳುತ್ತದೆ: ಹಳೆಯ ಸಾಲುಗಳಿಗೆ ಏನು ತುಂಬಲಿ? ಒಂದು ಸಲಕ್ಕೆ ಒಂದು ಬೆಲೆ ಕೊಡುತ್ತೀರೋ, ಇಲ್ಲಾ ಹೊರಗೆ ಹೋಗಿ ಮಾಡೆಲ್ ತಿದ್ದಿಕೊಂಡು ಬರುತ್ತೀರೋ? ಒಳ್ಳೆಯ ಪ್ರಶ್ನೆ. ಫ್ರೇಮ್‌ವರ್ಕ್ ತನ್ನ ಕರ್ತವ್ಯ ಮಾಡಿದೆ. ಆದರೆ ಶುಕ್ರವಾರ ಸಂಜೆ ಆರಕ್ಕೆ ಆ ಪ್ರಶ್ನೆ ಎದುರಾದವರು "ಇಲ್ಲ" ಎಂದು ಒತ್ತಿ ಎಂಟರ್ ಹೊಡೆಯುತ್ತಾರೆ. ಅಲ್ಲಿಗೆ ಐವತ್ತು ಸಾವಿರ ಕುಟುಂಬಗಳು, ಯಾರೂ ಕೇಳದ ಪ್ರಶ್ನೆಗೆ, ತಾವು ಹೇಳದ ಉತ್ತರ ಕೊಟ್ಟವಾಗುತ್ತವೆ. ಮುಂದಿನ ವರ್ಷ ಯಾವುದೋ ಸಭೆಯಲ್ಲಿ "ಈ ತಾಲ್ಲೂಕಿನಲ್ಲಿ ಅಂಗವಿಕಲರ ಪ್ರಮಾಣ ಕಡಿಮೆ" ಎಂಬ ಪಟ್ಟಿ ಓದಿದರೆ, ಅದರ ಮೂಲ ಆ ಎಂಟರ್ ಎಂದು ಯಾರಿಗೂ ತಿಳಿಯುವುದಿಲ್ಲ.

ಇಲ್ಲಿ ಕಟ್ಟಿಕೊಂಡದ್ದು ಉದಾಹರಣೆ. ಆದರೆ ಅದರ ಯಂತ್ರಾಂಗ ದಿನನಿತ್ಯದ್ದು, ಈ ಕೆಲಸ ಮಾಡುವ ಯಾರನ್ನಾದರೂ ಕೇಳಿ.

"ಇಲ್ಲ" ಬೇರೆ, ಉತ್ತರವಿಲ್ಲ ಬೇರೆ

ಡೀಫಾಲ್ಟ್ ಹಾಕುವುದರಲ್ಲಿ ಕೆಲವು ಪ್ರಸಿದ್ಧ ಗುಂಡಿಗಳಿವೆ. ಅವೆಲ್ಲದರ ತಳದಲ್ಲಿ ಇರುವುದು ಒಂದೇ ಗೊಂದಲ: "ಇಲ್ಲ" ಎಂಬ ಉತ್ತರವನ್ನೂ, ಉತ್ತರವೇ ಇಲ್ಲದಿರುವುದನ್ನೂ ಒಂದೇ ಎಂದು ತಿಳಿಯುವುದು.

ರೇಲ್ಸ್ ಬಳಸುವವರು ರೂಬಿ ಭಾಷೆಯಲ್ಲಿ ಬರೆಯುತ್ತಾರೆ. "ಇದು ಖಾಲಿ ಇದ್ದರೆ ಹೌದು ಎಂದು ತುಂಬು" ಎನ್ನಲು ಅಲ್ಲಿ ಒಂದು ಚುಟುಕು ಚಿಹ್ನೆ ಇದೆ, ಎರಡು ನೆಟ್ಟಗಿನ ಗೆರೆ ಮತ್ತು ಒಂದು ಸಮಚಿಹ್ನೆ. ತೊಡಕೆಂದರೆ ಆ ಚಿಹ್ನೆಗೆ ಖಾಲಿಯೂ ಒಂದೇ, "ಇಲ್ಲ"ವೂ ಒಂದೇ. ಒಬ್ಬಾಕೆ "ನನ್ನ ಮೊಬೈಲ್ ನಂಬರನ್ನು ಬೇರೆಯವರಿಗೆ ಕೊಡಬೇಡಿ" ಎಂದು ಸ್ಪಷ್ಟವಾಗಿ ಇಲ್ಲ ಅಂದಿದ್ದರೂ, ಆ ಸಾಲು ಓಡಿದ ತಕ್ಷಣ ಅದು "ಹೌದು" ಆಗುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಅದೇ ರೇಲ್ಸ್‌ನಲ್ಲಿ ಈಗ ಗುಣದ ಪಕ್ಕದಲ್ಲೇ ಡೀಫಾಲ್ಟ್ ಬರೆಯುವ ಶಿಸ್ತಿನ ದಾರಿಯಿದೆ, 2016ರಲ್ಲಿ ಬಂದ ಐದನೇ ಆವೃತ್ತಿಯಿಂದ. ಆದರೂ ಹಳೆಯ ಸಾಲುಗಳು ಹಳೆಯ ಕೋಡ್‌ನಲ್ಲಿ ಬದುಕಿರುತ್ತವೆ.

ಜ್ಯಾಂಗೋದಲ್ಲಿ ಇನ್ನೊಂದು. ನೋಂದಣಿಯ ಸಮಯ ತಾನಾಗಿ ಬೀಳಲಿ ಎಂದು "ಈಗ" ಎಂಬ ಡೀಫಾಲ್ಟ್ ಕೊಡುತ್ತೇವೆ. "ಈಗ" ಎಂಬುದರ ಮುಂದೆ ಒಂದು ಜೊತೆ ಆವರಣ ಹೆಚ್ಚಿಗೆ ಬಿದ್ದರೆ, ಅದರ ಅರ್ಥ "ಪ್ರತಿಸಲ ಗಡಿಯಾರ ನೋಡು" ಎಂದಿರದೆ "ಸರ್ವರ್ ಶುರುವಾದಾಗ ಒಮ್ಮೆ ನೋಡಿದ ಸಮಯವನ್ನೇ ಎಲ್ಲರಿಗೂ ಹಾಕು" ಎಂದಾಗುತ್ತದೆ. ಮುಂದೆ ಸರ್ವರ್ ನಿಂತು ಮತ್ತೆ ಶುರುವಾಗುವ ತನಕ ಬರುವ ಅರ್ಜಿಗಳೆಲ್ಲ ಒಂದೇ ನಿಮಿಷದಲ್ಲಿ ಬಂದಂತೆ ಕಾಣುತ್ತವೆ. ಕೊನೆಯ ದಿನಾಂಕದೊಳಗೆ ಅರ್ಜಿ ಹಾಕಿದ್ದಾರೋ ಇಲ್ಲವೋ ಎಂಬ ತಕರಾರು ಬಂದರೆ ನಂಬುವುದು ಯಾವುದನ್ನು?

ಮೂರನೆಯದು ಟಿಕ್ ಗುರುತಿನ ಪೆಟ್ಟಿಗೆ. ವೆಬ್ ಫಾರಂನಲ್ಲಿ ಟಿಕ್ ಹಾಕದ ಪೆಟ್ಟಿಗೆ ಸರ್ವರ್‌ಗೆ "ಇಲ್ಲ" ಎಂದು ಹೇಳುವುದಿಲ್ಲ, ಸುಮ್ಮನಿರುತ್ತದೆ. ಪ್ರಶ್ನೆ ಓದಿ ಬೇಡ ಅಂದವರೂ, ಪ್ರಶ್ನೆ ನೋಡದೇ ಕೆಳಗೆ ಜಾರಿದವರೂ ಒಂದೇ ಸಾಲಿಗೆ ಬೀಳುತ್ತಾರೆ. ನಾಲ್ಕನೆಯದು ಪಟ್ಟಿಯಿಂದ ಆರಿಸುವ ಪೆಟ್ಟಿಗೆ. "ಆರಿಸಿ" ಎಂಬ ಖಾಲಿ ಸಾಲನ್ನು ಮೊದಲು ಇಡದಿದ್ದರೆ ಪಟ್ಟಿಯ ಮೊದಲ ಹೆಸರೇ ಆಯ್ಕೆಯಾಗಿ ಕೂರುತ್ತದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ನಮ್ಮ ಜಿಲ್ಲೆಗಳಲ್ಲಿ ಮೊದಲು ಬರುವುದು ಬಾಗಲಕೋಟೆ. ರಾಜ್ಯದ ಸೋಮಾರಿಗಳೆಲ್ಲ ಬಾಗಲಕೋಟೆಯವರು ಎಂದು ಯಾವುದಾದರೂ ಅಂಕಿಅಂಶ ತೋರಿಸಿದರೆ ಆ ಜಿಲ್ಲೆಯವರು ಬೇಸರ ಪಡಬೇಕಿಲ್ಲ.

ಖಾಲಿ ಬಿಟ್ಟರೆ ಕಷ್ಟವಲ್ಲವೇ?

ಎದುರು ವಾದವನ್ನೂ ನ್ಯಾಯವಾಗಿ ಕೇಳಬೇಕು. ಡೀಫಾಲ್ಟ್ ಇಲ್ಲದೆ ಕೆಲಸ ನಡೆಯುವುದಿಲ್ಲ. ಹೊಸ ಅರ್ಜಿಯ ಸ್ಥಿತಿ "ಸ್ವೀಕರಿಸಲಾಗಿದೆ" ಎಂದು ತಾನೇ ಬೀಳಬೇಕು. ಹೊಸ ಖಾತೆಯಲ್ಲಿ ಪ್ರಯತ್ನಗಳ ಸಂಖ್ಯೆ ಸೊನ್ನೆಯಿಂದ ಶುರುವಾಗಬೇಕು. ಖಾಲಿ ಜಾಗಗಳಿಂದ ಪ್ರೋಗ್ರಾಂ ಎಡವುತ್ತದೆ, ಪ್ರತಿ ಲೆಕ್ಕದಲ್ಲೂ "ಖಾಲಿ ಇದ್ದರೆ ಏನು" ಎಂದು ಯೋಚಿಸುತ್ತ ಕೂರಬೇಕು. ಕಾಲಂ ಖಾಲಿ ಬಿಡಲು ಬಿಟ್ಟರೆ ಎಲ್ಲರೂ ಖಾಲಿ ಬಿಡುತ್ತಾರೆ ಎಂಬ ಭಯವೂ ಇದೆ. ದಿನಕ್ಕೆ ಎಷ್ಟೋ ಮನೆ ಸುತ್ತುವ ಆಶಾ ಕಾರ್ಯಕರ್ತೆಗೆ, ಗಣತಿಗೆ ಹೋಗುವ ಶಿಕ್ಷಕಿಗೆ ಮೊದಲೇ ತುಂಬಿದ ನಾಲ್ಕು ಕಾಲಂ ಅಂದರೆ ನಾಲ್ಕು ಉಸಿರು.

ಇದೆಲ್ಲ ನಿಜ. ಹಾಗಾಗಿ ಡೀಫಾಲ್ಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಯಾರ ಮಾತನ್ನು ಯಾರು ಆಡಬೇಕು ಎಂದು ಗೆರೆ ಎಳೆಯೋಣ ಅನ್ನುತ್ತಿದ್ದೇನೆ. ಕಾಲಂಗಳಲ್ಲಿ ಮೂರು ಜಾತಿಯವು ಇವೆ.

ಒಂದು, ವ್ಯವಸ್ಥೆ ತಾನೇ ಹುಟ್ಟಿಸುವ ಸಂಗತಿ. ಅರ್ಜಿಯ ಸ್ಥಿತಿ, ನೋಂದಣಿಯ ಸಮಯ, ಎಣಿಕೆ. ಇಲ್ಲಿ ಡೀಫಾಲ್ಟ್ ಹಾಕಲೇಬೇಕು, ಡೇಟಾಬೇಸಿನ ಮಟ್ಟದಲ್ಲೇ ಹಾಕಿದರೆ ಇನ್ನೂ ಒಳ್ಳೆಯದು. ಜ್ಯಾಂಗೋ 2023ರ ಡಿಸೆಂಬರ್‌ನಲ್ಲಿ ಬಂದ ತನ್ನ ಐದನೇ ಆವೃತ್ತಿಯಲ್ಲಿ ಅದಕ್ಕೆ ನೇರ ಸೌಲಭ್ಯ ಕೊಟ್ಟಿದೆ.

ಎರಡು, ಬಳಸುವವರ ಅನುಕೂಲದ ಆಯ್ಕೆ. ಪರದೆಯ ಭಾಷೆ, ಅಕ್ಷರದ ಗಾತ್ರ. ಇಲ್ಲಿ ಡೀಫಾಲ್ಟ್ ಇರಲಿ, ಆದರೆ ಕಣ್ಣಿಗೆ ಕಾಣಲಿ, ಊರಿಗೆ ಒಪ್ಪಲಿ. ಕರ್ನಾಟಕದ ಜನರಿಗೆ ಮಾಡಿದ ಆ್ಯಪ್ ಕನ್ನಡದಲ್ಲಿ ತೆರೆದುಕೊಳ್ಳಬೇಕು, ಬೇಕಾದವರು ಇಂಗ್ಲಿಷಿಗೆ ಹೋಗಲಿ. ಈಗ ಬಹುತೇಕ ಕಡೆ ಆಗುತ್ತಿರುವುದು ತಿರುಗಾಮುರುಗಾ. ಭಾಷೆಯ ಕಾಲಮ್ಮಿಗೆ ಇಂಗ್ಲಿಷ್ ಎಂದು ಬರೆದವರು ಕನ್ನಡದ ದ್ವೇಷಿಗಳಾಗಿರಬೇಕಿಲ್ಲ, ಮಾದರಿ ಕೋಡ್‌ನಲ್ಲಿ ಇದ್ದದ್ದನ್ನು ಹಾಗೇ ಬಿಟ್ಟಿರುತ್ತಾರೆ. ಆಮೇಲೆ "ಕನ್ನಡ ಆವೃತ್ತಿಯನ್ನು ಯಾರೂ ಬಳಸುತ್ತಿಲ್ಲ" ಎಂಬ ವರದಿ ಬರುತ್ತದೆ. ಬದಲಿಸದವರನ್ನೆಲ್ಲ ಆರಿಸಿದವರು ಎಂದು ಎಣಿಸಿದರೆ ಇನ್ನೇನು ಬರಬೇಕು?

ಮೂರು, ವ್ಯಕ್ತಿಯೇ ಹೇಳಬೇಕಾದ ಅಥವಾ ಯಾರಾದರೂ ಹೋಗಿ ನೋಡಿಯೇ ಬರೆಯಬೇಕಾದ ಸಂಗತಿ. ಹುಟ್ಟಿದ ದಿನ, ಲಿಂಗ, ಜಾತಿ, ಮಾತೃಭಾಷೆ, ಒಪ್ಪಿಗೆ, ಹೊಲದಲ್ಲಿರುವ ಬೆಳೆ, ಬಿದ್ದ ಮಳೆ. ಇಲ್ಲಿ ಡೀಫಾಲ್ಟ್ ಹಾಕಲೇಬಾರದು. ಗೊತ್ತಾಗುವ ತನಕ ಖಾಲಿ ಇರಲಿ.

ಮಳೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ರಾಜ್ಯದ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಂಕಿ ಕಳಿಸುವ ಮಳೆಮಾಪಕಗಳಿವೆ. ಮಲೆನಾಡು ಮತ್ತು ಕರಾವಳಿಯ ಅಡಿಕೆ, ಕಾಳುಮೆಣಸು ಬೆಳೆಗಾರರ ಹವಾಮಾನ ಆಧಾರಿತ ವಿಮೆಯ ಲೆಕ್ಕ ನಿಲ್ಲುವುದು ಹವಾಮಾನದ ಅಂಕಿಗಳ ಮೇಲೆ. ಈಗ ಒಂದು ಮಾಪಕದ ಬ್ಯಾಟರಿ ಸತ್ತು ಮೂರು ದಿನ ಅಂಕಿ ಬರಲಿಲ್ಲ ಅಂದುಕೊಳ್ಳಿ. ಮಾಡೆಲ್‌ನಲ್ಲಿ ಮಳೆಯ ಕಾಲಮ್ಮಿಗೆ "ಡೀಫಾಲ್ಟ್ ಸೊನ್ನೆ" ಎಂದು ಯಾರಾದರೂ ಬರೆದಿಟ್ಟರೆ ಏನಾಗುತ್ತದೆ? ತೋಟದಲ್ಲಿ ಕೊಳೆರೋಗ ತರುವಂಥ ಮಳೆ ಹೊಡೆದಿರುತ್ತದೆ, ದಾಖಲೆಯಲ್ಲಿ ಮೂರು ದಿನ ಬಿಸಿಲು. ಖಾಲಿ ಬಿಟ್ಟಿದ್ದರೆ ಯಾರಾದರೂ "ಇದೇಕೆ ಖಾಲಿ" ಎಂದು ಕೇಳುತ್ತಿದ್ದರು, ಪಕ್ಕದ ಮಾಪಕ ನೋಡುತ್ತಿದ್ದರು. ಸೊನ್ನೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಡೇಟಾಬೇಸ್ ಸರಾಸರಿ ತೆಗೆಯುವಾಗ ಖಾಲಿ ಸಾಲುಗಳನ್ನು ಲೆಕ್ಕದಿಂದ ಹೊರಗಿಡುತ್ತದೆ, ಸೊನ್ನೆಗಳನ್ನು ಮಾತ್ರ ಒಳಗೆ ಸೇರಿಸುತ್ತದೆ. ಸುಳ್ಳು ಸೊನ್ನೆ ಅಲ್ಲಿಂದ ಇಡೀ ತಿಂಗಳ ಸರಾಸರಿಯನ್ನೇ ಕೆಳಗೆ ಎಳೆಯುತ್ತದೆ.

ವಿಮಾನಪುರ ಕಲಿಸುವ ಪಾಠ

ಖಾಲಿಯನ್ನು ಖಾಲಿಯೆಂದೇ ತೋರಿಸುವುದು ಹೇಗೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಈ ಬಡಾವಣೆಯ ಹೆಸರಿನಲ್ಲೇ ವಿಮಾನವಿದೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಇಲ್ಲಿದೆ, ಈಗ ನಾವು ಎಚ್‌ಎಎಲ್ ಅನ್ನುವುದು. 2001ರ ಜನವರಿ 4ರಂದು ಮುಂದೆ ತೇಜಸ್ ಎಂದು ಹೆಸರಾದ ಹಗುರ ಯುದ್ಧವಿಮಾನ ಮೊದಲ ಬಾರಿ ಮೇಲೇರಿದ್ದು ಇಲ್ಲಿನ ರನ್‌ವೇಯಿಂದ. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೂ ಇಲ್ಲಿ ಹಾರಾಟ ನಿಂತಿಲ್ಲ.

ಪೈಲಟ್‌ನ ಎದುರಿನ ಉಪಕರಣಗಳಲ್ಲಿ ಒಂದು ಹಳೆಯ ಶಿಸ್ತಿದೆ. ದಿಕ್ಕು ತೋರಿಸುವ ಉಪಕರಣಕ್ಕೆ ಸಂಕೇತ ಬರುವುದು ನಿಂತರೆ, ಅಥವಾ ವಿಮಾನದ ಓರೆ ತೋರಿಸುವ ಉಪಕರಣಕ್ಕೆ ವಿದ್ಯುತ್ ಹೋದರೆ, ಮುಖದ ಮೇಲೆ ಕೆಂಪು ಬಣ್ಣದ ಒಂದು ಸಣ್ಣ ಬಾವುಟ ಬೀಳುತ್ತದೆ. ಹೊಸ ಕಾಲದ ಪರದೆಗಳಲ್ಲಿ ಅಂಕಿಯ ಜಾಗದಲ್ಲಿ ಕೆಂಪು ಕತ್ತರಿ ಗುರುತು ಬರುತ್ತದೆ. "ನಾನು ತೋರಿಸುತ್ತಿರುವುದನ್ನು ನಂಬಬೇಡ" ಎಂದು ಉಪಕರಣವೇ ಹೇಳುತ್ತದೆ. ಮುಳ್ಳು ಸುಮ್ಮನೆ ನಡುವಿಗೆ ಬಂದು ನಿಂತರೆ, "ಎಲ್ಲ ನೆಟ್ಟಗಿದೆ" ಎಂದು ಪೈಲಟ್ ನಂಬುತ್ತಾನೆ. ಮೋಡದೊಳಗೆ ಆ ನಂಬಿಕೆಯಿಂದ ಜೀವ ಹೋಗುತ್ತದೆ. ಗೊತ್ತಿಲ್ಲದಿರುವುದಕ್ಕಿಂತ ತಪ್ಪು ಗೊತ್ತಿರುವುದು ಕೇಡು ಎಂಬುದನ್ನು ವಿಮಾನ ಕಟ್ಟುವವರು ಬೆಲೆ ತೆತ್ತು ಕಲಿತಿದ್ದಾರೆ. ಅದೇ ರಸ್ತೆಯಲ್ಲಿ ಕೂತು ಜನರ ದಾಖಲೆ ಕಟ್ಟುವ ನಮಗೆ ಆ ಶಿಸ್ತು ಯಾಕೆ ಬೇಡ? ಇಲ್ಲಿ ತಪ್ಪಿದರೆ ವಿಮಾನ ಬೀಳುವುದಿಲ್ಲ. ಒಬ್ಬ ಮುದುಕಿಯ ಪಿಂಚಣಿ ಸದ್ದಿಲ್ಲದೆ ಬೀಳುತ್ತದೆ.

ನಮ್ಮ ದೇಶದಲ್ಲೇ ಒಳ್ಳೆಯ ಮಾದರಿಯೊಂದಿದೆ. ಆಧಾರ್‌ನ ವಿನ್ಯಾಸದಲ್ಲಿ ಹುಟ್ಟಿದ ದಿನಾಂಕದ ಜೊತೆ ಅದು ಯಾವ ಬಗೆಯದು ಎಂಬ ಗುರುತೂ ಇದೆ: ದಾಖಲೆ ನೋಡಿ ಬರೆದದ್ದು, ವ್ಯಕ್ತಿ ಬಾಯಲ್ಲಿ ಹೇಳಿದ್ದು, ಅಂದಾಜಿನದು. ನಮ್ಮ ಹಳೆಯ ಮೇಷ್ಟ್ರ ಪುಸ್ತಕದಲ್ಲಿ ಇಲ್ಲದೇ ಹೋದದ್ದು ಸರಿಯಾಗಿ ಇದೇ. ಆದರೆ ಕಾರ್ಡನ್ನು ನೋಡುವ ಕೌಂಟರಿನವರ ಕಣ್ಣಿಗೆ ಆ ಗುರುತು ಬೀಳುವುದಿಲ್ಲ, ತಾರೀಕು ಮಾತ್ರ ಬೀಳುತ್ತದೆ. ಅಂದಾಜನ್ನು ಅಂದಾಜೆಂದು ಒಳಗೆ ಬರೆದಿಟ್ಟರೆ ಅರ್ಧ ಕೆಲಸ, ಹೊರಗೂ ತೋರಿಸಿದರೆ ಪೂರ್ತಿ ಕೆಲಸ.

ನಮ್ಮ ಪರವಾಗಿದ್ದರೂ ಬೇಡ

ಈಗ ಸ್ವಲ್ಪ ಕಷ್ಟದ ಮಾತು. ಮಾತೃಭಾಷೆಯ ಕಾಲಮ್ಮಿಗೆ "ಕನ್ನಡ" ಎಂಬ ಡೀಫಾಲ್ಟ್ ಹಾಕಿದರೆ ನಮ್ಮಲ್ಲಿ ಹಲವರಿಗೆ ಸಂತೋಷವಾಗಬಹುದು. ನನ್ನ ಪ್ರಕಾರ ಅದೂ ತಪ್ಪು. 2011ರ ಜನಗಣತಿಯಲ್ಲಿ ತುಳು ತಮ್ಮ ಮಾತು ಎಂದವರು 18 ಲಕ್ಷಕ್ಕೂ ಹೆಚ್ಚು, ಕೊಡವ ಎಂದವರು ಒಂದು ಲಕ್ಷ ಚಿಲ್ಲರೆ. ಕೊಡಗಿನ ಮನೆಯೊಂದರ ಬಾಗಿಲಲ್ಲಿ ನಿಂತ ಗಣತಿದಾರರ ಪರದೆಯಲ್ಲಿ ಮೊದಲೇ "ಕನ್ನಡ" ಎಂದು ತುಂಬಿದ್ದರೆ, ಮಳೆಯಲ್ಲಿ ನೆನೆಯುತ್ತಿರುವಾಗ ಅದನ್ನು ಬದಲಿಸಲು ಎಷ್ಟು ಜನ ಕೂರುತ್ತಾರೆ? ಅದೇ ಪರದೆ ಕಾಸರಗೋಡಿನಲ್ಲಿ "ಮಲಯಾಳಂ" ಎಂದು, ಅಕ್ಕಲಕೋಟೆಯಲ್ಲಿ "ಮರಾಠಿ" ಎಂದು ತುಂಬಿಕೊಂಡು ಬಂದರೆ ನಾವು ಬೀದಿಗೆ ಇಳಿಯುತ್ತೇವೆ, ಇಳಿಯಲೂಬೇಕು. ಗಡಿಯ ಆಚೆಗೊಂದು ನ್ಯಾಯ, ಈಚೆಗೊಂದು ನ್ಯಾಯ ಇರಬಾರದು. ಮುಂದಿನ ಜನಗಣತಿ ಮೊಬೈಲ್‌ನಲ್ಲೇ ನಡೆಯುವುದರಿಂದ ಇದು ಬರೀ ತರ್ಕದ ಮಾತಲ್ಲ.

2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನೆನಪಿದೆಯಲ್ಲ? ಆ್ಯಪ್ ಮೂಲಕ 60 ಪ್ರಶ್ನೆ. ಮಾಹಿತಿ ಕೊಡುವುದು ಸ್ವಯಂಪ್ರೇರಿತ, ಒತ್ತಾಯವಿಲ್ಲ ಎಂದು ಹೈಕೋರ್ಟ್ ಅದೇ ತಿಂಗಳು ಸ್ಪಷ್ಟಪಡಿಸಿತು. ಆ ಒಂದು ಮಾತು ಮಾಡೆಲ್ ಬರೆಯುವವರಿಗೆ ಏನನ್ನು ಹೇಳುತ್ತದೆ? ಇಂಥ ಯಾವ ಸಮೀಕ್ಷೆಯಲ್ಲೂ ಪ್ರತಿ ಕಾಲಮ್ಮಿಗೆ ಕನಿಷ್ಠ ಮೂರು ಸ್ಥಿತಿ ಬೇಕು: ಇನ್ನೂ ಕೇಳಿಲ್ಲ, ಕೇಳಿದರೂ ಹೇಳಲು ಇಷ್ಟಪಡಲಿಲ್ಲ, ಹೇಳಿದರು. ಈ ಮೂರನ್ನು ಒಂದೇ ಖಾಲಿಗೆ ತುರುಕಿದರೂ ತಪ್ಪು, ಒಂದೇ "ಇಲ್ಲ"ಕ್ಕೆ ತುರುಕಿದರೂ ತಪ್ಪು. ಹೇಳದಿರುವ ಹಕ್ಕನ್ನು ನ್ಯಾಯಾಲಯ ಕೊಡಬಹುದು, ಅದನ್ನು ದಾಖಲಿಸಲು ಜಾಗ ಕೊಡಬೇಕಾದವರು ಪ್ರೋಗ್ರಾಮರ್‌ಗಳು.

ಒಪ್ಪಿಗೆಯ ಕಾಲಮ್ಮಿನಲ್ಲಂತೂ ಕಾನೂನೇ ಮಾತಾಡುತ್ತಿದೆ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ ಒಪ್ಪಿಗೆಯಲ್ಲ ಎಂದಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಒಪ್ಪಿಗೆ ಮುಕ್ತವಾಗಿರಬೇಕು, ವ್ಯಕ್ತಿಯ ಸ್ಪಷ್ಟ ಕ್ರಿಯೆಯಿಂದ ಬಂದಿರಬೇಕು ಎನ್ನುತ್ತದೆ. ಸುಮ್ಮನಿದ್ದವರ ಮೌನವನ್ನು "ಹೌದು" ಎಂದು ಬರೆದುಕೊಳ್ಳುವ ಮಾಡೆಲ್ ಆ ಮಾತಿಗೆ ನೇರ ವಿರುದ್ಧ.

ಪತ್ರಕರ್ತರು ಹುಡುಕಬೇಕಾದ ಹೆಜ್ಜೆಗುರುತು

ಇದು ಸಾಫ್ಟ್‌ವೇರ್‌ನವರ ಒಳಮನೆಯ ಜಗಳ, ನಮಗೇಕೆ ಎಂದು ಊರಿನಲ್ಲಿ ವರದಿ ಮಾಡುವ ಗೆಳೆಯರು ಕೇಳಬಹುದು. ಅಮೆರಿಕದ ಕನ್ಸಾಸ್‌ನ ಕಥೆ ಕೇಳಿ. ಇಂಟರ್ನೆಟ್ ವಿಳಾಸದಿಂದ ಊರು ಪತ್ತೆ ಹಚ್ಚುವ ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, "ಅಮೆರಿಕ ಎಂದಷ್ಟೇ ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ" ಎಂಬ ವಿಳಾಸಗಳಿಗೆಲ್ಲ ದೇಶದ ನಡುಮಧ್ಯದ ಒಂದು ಬಿಂದುವನ್ನು ಡೀಫಾಲ್ಟ್ ಮಾಡಿತ್ತು. ಆ ಬಿಂದು ಬಿದ್ದದ್ದು ಪಾಟ್‌ವಿನ್ ಎಂಬ ಸಣ್ಣ ಊರಿನ ಬಳಿಯ ಒಂದು ಹೊಲಮನೆಯ ಮೇಲೆ. 60 ಕೋಟಿಗೂ ಹೆಚ್ಚು ವಿಳಾಸಗಳು ಆ ಮನೆಯವೆಂದು ತೋರಿಸಿದವು. ಕಳ್ಳತನ, ಮೋಸ, ಕಾಣೆಯಾದ ಮಕ್ಕಳು ಎಂದು ವರ್ಷಗಟ್ಟಲೆ ಪೊಲೀಸರೂ ಅಪರಿಚಿತರೂ ಆ ಮನೆಯ ಬಾಗಿಲು ಬಡಿದರು. ಅಲ್ಲಿದ್ದವರಿಗೆ ಕಾರಣವೇ ತಿಳಿದಿರಲಿಲ್ಲ. 2016ರಲ್ಲಿ ಅದನ್ನು ಬಯಲಿಗೆ ತಂದವರು ಕಶ್ಮೀರ್ ಹಿಲ್ ಎಂಬ ಪತ್ರಕರ್ತೆ. ಆಮೇಲೆ ಕಂಪನಿ ಅಂಥ ಬಿಂದುಗಳನ್ನು ನೀರಿನ ನಡುವೆ ಇಟ್ಟಿತು.

ಮಾಹಿತಿ ಹಕ್ಕಿನಲ್ಲಿ ನಿಮಗೊಂದು ಎಕ್ಸೆಲ್ ಹಾಳೆ ಸಿಕ್ಕರೆ ಸುದ್ದಿ ಬರೆಯುವ ಮೊದಲು ಒಂದು ಕೆಲಸ ಮಾಡಿ. ಪ್ರತಿ ಕಾಲಮ್ಮಿನಲ್ಲಿ ಯಾವ ಬೆಲೆ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಒಂದೇ ಬೆಲೆ ಗುಡ್ಡದಂತೆ ಎದ್ದಿದ್ದರೆ ಅಲ್ಲಿ ಮೇಷ್ಟ್ರು ಕೂತಿರುವ ಸಾಧ್ಯತೆಯಿದೆ. ಜನವರಿ 1, ಜೂನ್ 1 ಹೆಚ್ಚಿದ್ದರೆ ಅನುಮಾನಿಸಿ. 1970ರ ಜನವರಿ 1, ಬೆಳಿಗ್ಗೆ 5 ಗಂಟೆ 30 ನಿಮಿಷ ಎಂದಿದ್ದರೆ ಅದು ಕಂಪ್ಯೂಟರಿನ ಸೊನ್ನೆ ಕ್ಷಣ, ಭಾರತದ ಗಡಿಯಾರಕ್ಕೆ ಹಾಗೆ ಕಾಣುತ್ತದೆ. ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ ಎಂದಿದ್ದರೆ ನಿಮ್ಮ ಪಂಚಾಯಿತಿಯ ಶೌಚಾಲಯ ಆಫ್ರಿಕಾದ ಪಶ್ಚಿಮದ ಸಮುದ್ರದಲ್ಲಿದೆ ಎಂದರ್ಥ. ಎಲ್ಲರ ಆದಾಯವೂ ಒಂದೇ, ಎಲ್ಲ ಹೊಲದಲ್ಲೂ ಒಂದೇ ಬೆಳೆ ಎಂದಿದ್ದರೆ ಹೊಲಕ್ಕೆ ಹೋಗಿ ನೋಡಿ. ನಮ್ಮಂಥ ಗ್ರಾಮೀಣ ವರದಿಗಾರರಿಗೆ ಇರುವ ಒಂದೇ ದೊಡ್ಡ ಅನುಕೂಲ ಅದು, ಹೊಲ ಹತ್ತಿರದಲ್ಲಿದೆ. ಜೊತೆಗೆ ಇಲಾಖೆಗೆ ಒಂದು ಪ್ರಶ್ನೆ ಹಾಕಿ: "ಈ ಕಾಲಮ್ಮಿನಲ್ಲಿ ಯಾರೂ ಏನೂ ತುಂಬದಿದ್ದರೆ ಏನು ಬೀಳುತ್ತದೆ?" ಈ ಪ್ರಶ್ನೆಗೆ ಉತ್ತರ ಕೊಡಲು ಯಾವ ಗೌಪ್ಯತೆಯೂ ಅಡ್ಡ ಬರುವುದಿಲ್ಲ.

ವಿಮಾನಪುರದ ಕಡೆಯ ಗೆಳೆಯರಿಗೆ ನನ್ನ ಕೇಳಿಕೆ ಇಷ್ಟೇ. ಸಾರ್ವಜನಿಕ ಕೆಲಸದ ಯಾವುದೇ ಮಾಡೆಲ್ ಬರೆಯುವಾಗ ಪ್ರತಿ ಡೀಫಾಲ್ಟ್ ಮುಂದೆ "ಇದನ್ನು ಯಾರ ಪರವಾಗಿ ಹೇಳುತ್ತಿದ್ದೇನೆ" ಎಂದು ಕೇಳಿಕೊಳ್ಳಿ. ವ್ಯವಸ್ಥೆಯ ಪರವಾಗಿ ಆದರೆ ಬರೆಯಿರಿ. ಮನುಷ್ಯರ ಪರವಾಗಿ ಆದರೆ ಖಾಲಿ ಬಿಡಿ, ಖಾಲಿ ಎಂದು ಪರದೆಯಲ್ಲಿ ಕಾಣುವ ಹಾಗೆ ಮಾಡಿ. ಬಲವಂತವಾಗಿ ತುಂಬಲೇಬೇಕಾದ ಸಂದರ್ಭ ಬಂದರೆ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು ಈ ಬೆಲೆ ಎಲ್ಲಿಂದ ಬಂತು ಎಂದು ಬರೆಯಿರಿ. ಹೊಸ ಕಾಲಂ ಸೇರಿಸುವಾಗ ಫ್ರೇಮ್‌ವರ್ಕ್ ಕೇಳುವ ಆ ಪ್ರಶ್ನೆಗೆ ಒಬ್ಬರೇ ಉತ್ತರಿಸಬೇಡಿ, ಆ ಇಲಾಖೆಯ ಕೆಲಸ ಗೊತ್ತಿರುವ ಒಬ್ಬರನ್ನು ಕೂರಿಸಿಕೊಳ್ಳಿ. ಅದಕ್ಕೆ ಹಿಡಿಯುವುದು ಹೆಚ್ಚೆಂದರೆ ಅರ್ಧ ಗಂಟೆ.

ಅಂದಿನ ಮೇಷ್ಟ್ರಿಗೆ ಬೇರೆ ದಾರಿ ಇರಲಿಲ್ಲ. ಅಚ್ಚಾದ ಪುಸ್ತಕ ಮೇಲಿನಿಂದ ಬರುತ್ತಿತ್ತು, ಕಾಲಂ ಖಾಲಿ ಇದ್ದರೆ ತನಿಖಾಧಿಕಾರಿಗೆ ಉತ್ತರ ಕೊಡಬೇಕಿತ್ತು. ಇಂದು ಪುಸ್ತಕಕ್ಕೆ ಗೀಟು ಹಾಕುವ ಪೆನ್ನು ನಮ್ಮ ಪೀಳಿಗೆಯ ಕೈಯಲ್ಲೇ ಇದೆ. "ಗೊತ್ತಿಲ್ಲ" ಎಂಬುದಕ್ಕೆ ಅದರಲ್ಲಿ ಒಂದು ಅಂಗುಲ ಜಾಗ ಬಿಡಲು ಯಾರ ಅನುಮತಿಯೂ ಬೇಕಿಲ್ಲ.